ಹೊಲಿಗೆಯೊಳಗೆ ಬಿಟ್ಟ ಬಟ್ಟೆ

“ಅಮ್ಮಾ, ದೊಡ್ಡಮ್ಮ ದಪ್ಪ ಆದ ಹಾಗೆ ಅವರ ಅಂಗೀನೂ ದಪ್ಪ ಆಗುತ್ತಾ?”

ಮಹಡಿ ಮನೆಯ ಪುಟ್ಟಿ ಇದನ್ನು ಕೇಳಿದ್ದು ಟೈಲರ್ ದೊಡ್ಡಮ್ಮನ ಅಂಗಡಿಯಲ್ಲಿ, ದೊಡ್ಡಮ್ಮನ ಎದುರಿಗೇ, ಯೂನಿಫಾರಂಗೆ ಅಳತೆ ಕೊಡುತ್ತ ನಿಂತಿದ್ದಾಗ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳ ತಾಯಿಗೆ. ದೊಡ್ಡಮ್ಮ ಮಾತ್ರ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದಿಟ್ಟು, ಹೊಟ್ಟೆ ಕುಲುಕುವಂತೆ ನಕ್ಕರು. ಇಷ್ಟು ವರ್ಷ ಯಾರೂ ಹಿಡಿಯದ ಕಳ್ಳತನವನ್ನು ಮಗು ಹಿಡಿದಿತ್ತು.

ಅಂಗಿ ದಪ್ಪವಾಗುತ್ತಿದ್ದುದು ನಿಜ. ಮುಂದೆ ಬಿಗಿಯಾದರೆ ಸಡಿಲಿಸಲೆಂದು ಟೈಲರುಗಳು ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ. ಬೇರೆಯವರಿಗೆ ಬಿಗಿಯಾದರೆ ಅಂಗಡಿಗೆ ಬರಬೇಕು, ನಾಲ್ಕು ಜನರೆದುರು ಕೈಯೆತ್ತಿ ನಿಂತು ನಾಚಬೇಕು. ದೊಡ್ಡಮ್ಮನಿಗೆ ಆ ಕಷ್ಟವಿರಲಿಲ್ಲ. ಪಕ್ಕೆ ಹಿಡಿದಂತಾದರೆ, ಗಿರಾಕಿಗಳಿಲ್ಲದ ಮಧ್ಯಾಹ್ನ ನೋಡಿ ಒಂದು ಸಾಲು ದಾರ ಬಿಚ್ಚಿ, ಬೆರಳಗಲ ಆಚೆ ಇನ್ನೊಂದು ಸಾಲು ಹಾಕಿಕೊಂಡುಬಿಡುತ್ತಿದ್ದರು. ಒಳಗಿನ ಬಟ್ಟೆ ಮುಗಿದಾಗ ಅದೇ ಬಣ್ಣದ ಪಟ್ಟಿ ಸೇರಿಸಿದರು. ಹೀಗಾಗಿ ಅವರಿಗೆ ಯಾವ ಅಂಗಿಯೂ ಬಿಗಿಯಾಗಲೇ ಇಲ್ಲ. ಮದುವೆಯಲ್ಲಿ ಇದ್ದ ಹಾಗೇ ಇದ್ದೇನೆಂದು ನಂಬಿಕೊಂಡೇ ಇದ್ದರು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಎಂದರು ಪುಟ್ಟಿಯ ತಾಯಿಗೆ. “ನಾನು ಕಾಲು ಚಾಚಿದಷ್ಟೂ ಹಾಸಿಗೆ ಹೊಲ್ಕೊಂಡು ಹೋದೆ.”

ಅವರ ಮುಲಾಜಿಗೆ ಬೀಳದೆ ಉಳಿದದ್ದು ಮೊಣಕಾಲು. ಮೇಜಿನ ಮುಂದೆ ನಿಂತು ಒಂದು ಪ್ಯಾಂಟ್ ಅರ್ಧ ಕತ್ತರಿಸುವಷ್ಟರಲ್ಲಿ ಕುರ್ಚಿ ಬೇಕು. ತೂಕ ಇಳಿಸದಿದ್ದರೆ ಈ ಕೆಲಸ ಬಿಡಬೇಕಾಗುತ್ತದೆ ಎಂದು ಕೆಲವು ತಿಂಗಳ ಹಿಂದೆಯೇ ಹೇಳಿದ್ದರು ಡಾಕ್ಟರು. ಕತ್ತರಿ ಬಿಟ್ಟ ಮೇಲೆ ತಾನು ಯಾರೆಂಬುದು ದೊಡ್ಡಮ್ಮನಿಗೆ ಹೊಳೆಯಲಿಲ್ಲ.

ಮೊದಲು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡರು. ಹಸಿದ ಕಣ್ಣಿಗೆ ಎಡಬಲ ತಿಳಿಯದೆ ಗಿರಾಕಿಯೊಬ್ಬರ ಕೋಟಿಗೆ ಎರಡೂ ಎಡಗೈ ತೋಳು ಕತ್ತರಿಸಿ, ಆ ದುಃಖಕ್ಕೆ ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡಿದರು. ಆಮೇಲೆ ವ್ಯಾಯಾಮವೆಂದು, ಹೊಲಿದ ಬಟ್ಟೆಗಳನ್ನು ನಡೆದೇ ತಲುಪಿಸತೊಡಗಿದರು. ದಾರಿಯಲ್ಲಿ ಬೇಕರಿ. ದುಡಿದದ್ದು ಕಾಲು, ಕೂಲಿ ಪಡೆದದ್ದು ಬಾಯಿ.

ಡಾಕ್ಟರು ಗದರಿದರು: ಉಪವಾಸ ಬೇಡ, ತಟ್ಟೆಯ ಅರ್ಧ ತರಕಾರಿ ಇರಲಿ, ದಿನಾ ನಡೆಯಿರಿ, ವಾರಕ್ಕೊಮ್ಮೆ ಸೊಂಟ ಅಳೆದುಕೊಳ್ಳಿ. ದೊಡ್ಡಮ್ಮ ಬೇಯಿಸಿದ ತರಕಾರಿ ತಿಂದು ಗಂಡ ಸದ್ದಿಲ್ಲದೆ ತೂಕ ಇಳಿಸಿಕೊಂಡುಬಿಟ್ಟರು. ಅವರ ಪ್ಯಾಂಟುಗಳ ಸೊಂಟ ಬಿಗಿ ಮಾಡುವ ಕೆಲಸವೂ ದೊಡ್ಡಮ್ಮನ ಪಾಲಿಗೇ ಬಂತು. ಟೇಪಿನ ಪ್ರಕಾರ ದೊಡ್ಡಮ್ಮನೂ ಇಳಿಯುತ್ತಿದ್ದರು. ಆಸ್ಪತ್ರೆಯ ತೂಕದ ಯಂತ್ರ ಮಾತ್ರ ಅದನ್ನು ಒಪ್ಪಲಿಲ್ಲ.

ಈಗ ಅಂಗಡಿಯಲ್ಲಿ ಪುಟ್ಟಿಯ ಅಳತೆ ಮುಗಿದಿತ್ತು. ದೊಡ್ಡಮ್ಮ ಕೊರಳಿನಿಂದ ಟೇಪು ತೆಗೆದು, ಪುಟ್ಟಿಯ ತಾಯಿಯ ಕೊರಳಿಗೆ ಹಾಕಿದರು.

“ಬಂದವರಿಗೆಲ್ಲ ಉಸಿರು ಬಿಡಿ ಅಂತ ಹೇಳೋಳು ನಾನು. ನನ್ನ ಸರದಿ ಬಂದ್ರೆ ಹೊಟ್ಟೆ ಒಳಗೆಳ್ಕೊಂಡು, ಉಸಿರು ಬಿಗಿ ಹಿಡ್ಕೊಂಡು ಟೇಪ್ ಎಳೀತೀನಿ. ನಮ್ಮ ಯಜಮಾನ್ರನ್ನ ಕೇಳೋ ಹಾಗಿಲ್ಲ, ನಾನು ಬೇಜಾರಾಗ್ತೀನಿ ಅಂತ ಕಮ್ಮಿನೇ ಹೇಳ್ತಾರೆ. ಒಂದು ಉಪಕಾರ ಮಾಡಮ್ಮ. ಭಾನುವಾರ ಭಾನುವಾರ ಇಳಿದು ಬಂದು ನನ್ನ ಅಳತೆ ನೀನು ತಗೋ. ಈ ಪುಟ್ಟೀನೂ ಕರ್ಕೊಂಡು ಬಾ, ಇವಳು ಮುಲಾಜು ನೋಡಲ್ಲ. ನಾನು ಉಸಿರು ಎಳ್ಕೊಂಡ್ರೆ ಟೇಪ್ ಹಿಡ್ಕೊಂಡು ಸುಮ್ನೆ ನಿಂತಿರು. ಎಷ್ಟು ಹೊತ್ತು ಅಂತ ಹಿಡೀತೀನಿ?”