ಎರಡನೆಯ ಏಟು

ಹಲಗೇರಿಯ ಆಚೆ ಕಾಲುವೆಗಾಗಿ ಗುಡ್ಡ ಸೀಳಿದ್ದರು. ಸೀಳಿದ ಬದಿ ಕುಸಿಯದಂತೆ ತಂತಿಬಲೆ ಬಿಗಿದು, ಅದರ ಮೇಲೆ ಕಾಂಕ್ರೀಟು ಎರಚುವುದು ನಮ್ಮ ಕೆಲಸ. ಮರಳು, ಸಿಮೆಂಟು ಬೆರೆಸಿದ ಒಣ ಪುಡಿಯನ್ನು ನಾನು ಸಲಿಕೆಯಿಂದ ಯಂತ್ರಕ್ಕೆ ತುಂಬುತ್ತಿದ್ದೆ. ಅದು ಗಾಳಿಯ ಒತ್ತಡಕ್ಕೆ ದಪ್ಪ ರಬ್ಬರ್ ಪೈಪಿನೊಳಗೆ ಓಡಿ, ತುದಿಯಲ್ಲಿ ನೀರು ಕೂಡಿಕೊಂಡು ಬಂಡೆಗೆ ಅಪ್ಪಳಿಸುತ್ತಿತ್ತು. ಆ ತುದಿ ಅಣ್ಣನ ಕೈಯಲ್ಲಿ. ಬಂಡೆಗೆ ಅಂಟದ ಕಾಳುಗಳು ಸಿಡಿದು ಅವನಿಗೇ ಬಡಿಯುತ್ತಿದ್ದವು. ಸಂಜೆ ಕುತ್ತಿಗೆಯ ತುಂಬ ರಕ್ತದ ಚುಕ್ಕೆ.

ಗಾಳಿಯ ಚಾವಿ ನನ್ನ ಪಕ್ಕದಲ್ಲಿತ್ತು. ಅಣ್ಣ ಕೈ ಎತ್ತಿದರೆ ಮಾತ್ರ ತಿರುಗಿಸಬೇಕು.

ಒಂದು ಮಧ್ಯಾಹ್ನ ಪೈಪು ಕಟ್ಟಿಕೊಂಡಿತು. ನಾನು ಗಾಳಿ ನಿಲ್ಲಿಸಿದೆ. ಅಣ್ಣ ಕುಕ್ಕರುಗಾಲಲ್ಲಿ ಕೂತು ತುದಿ ಬಿಚ್ಚತೊಡಗಿದ. ಸದ್ದು ನಿಂತದ್ದೇ ಸೂಪರ್‌ವೈಸರ್ ದಡದಡ ಇಳಿದು ಬಂದ.

“ಯಾಕ ನಿಂದ್ರಿಸೀದಿ?”

“ಅಣ್ಣ ಪೈಪ್ ಬಿಚ್ಚಾಕತ್ತಾನ್ರಿ. ಗಾಳಿ ಬಿಡಬ್ಯಾಡ್ರಿ.”

“ಗಾಳಿ ಬಿಟ್ರ ಕಟ್ಟಿದ್ದು ತಾನ ಕಿತ್ಕೊಂಡು ಹೋಗ್ತದ. ಸರಿ ಆಕಡೆ!”

ನನ್ನನ್ನು ಭುಜದಿಂದ ನೂಕಿ ಚಾವಿ ತಿರುಗಿಸಿದ. ನಾನು ಕಿರುಚುವುದರೊಳಗೆ ಪೈಪು ನೆಲ ಬಿಟ್ಟು ಎದ್ದಿತು. ಒಂದೇ ಏಟಿಗೆ ಅಣ್ಣನ ದವಡೆ ಒಡೆದು, ಅವನನ್ನು ಬಂಡೆಗೆ ಎಸೆಯಿತು. ಹಲ್ಲುಗಳು ಹಸಿ ಕಾಂಕ್ರೀಟಿನ ಮೇಲೆ ಬಿದ್ದವು. ನಾನು ಚಾವಿ ಮುಚ್ಚಿದೆ. ಸೂಪರ್‌ವೈಸರ್ ಇನ್ನೂ ಅಲ್ಲೇ ನಿಂತಿದ್ದ. ಕೈಯಲ್ಲಿದ್ದ ಸಲಿಕೆಯನ್ನು ಬೀಸಿ ಅವನ ತಲೆಗೆ ಹೊಡೆದೆ. ಮಂಡಿಯೂರಿ ಬಿದ್ದ, ಎರಡೂ ಕೈ ಮೇಲೆತ್ತಿದ. ಆ ಕೈಗಳನ್ನು ನೋಡಿಯೂ ಮತ್ತೊಮ್ಮೆ ಹೊಡೆದೆ. ಬೆರಳು ಮುರಿದ ಸದ್ದು ಕೇಳಿಸಿತು. ಮೈಯೆಲ್ಲ ಹಗುರಾಯಿತು, ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಇದ್ದದ್ದು ಒಂದೇ ಟೆಂಪೊ. ಇಬ್ಬರನ್ನೂ ಅದರಲ್ಲೇ ಮಲಗಿಸಿ ರಾಣೆಬೆನ್ನೂರಿಗೆ ಹೊರಟೆವು. ನಡುವೆ ನಾನು ಕೂತೆ. ಸೆರಗು ಹರಿದು ಒಂದು ತುಂಡು ಅಣ್ಣನ ಬಾಯಿಗೆ ಒತ್ತಿದೆ, ಇನ್ನೊಂದನ್ನು ಸೂಪರ್‌ವೈಸರ್ ತಲೆಗೆ. ಕೈ ತೆಗೆದರೆ ರಕ್ತ ಚಿಮ್ಮುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಸೂಪರ್‌ವೈಸರನೇ ಉತ್ತರಿಸಿದ: “ಪೈಪ್ ಬಡೀತ್ರಿ. ಇಬ್ರಿಗೂ.” ಚಾವಿ ತಿರುಗಿಸಿದ್ದು ಯಾರೆಂಬ ಪ್ರಶ್ನೆ ಏಳುವುದು ಅವನಿಗೆ ಬೇಕಿರಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡೆ.

ಅಣ್ಣನ ದವಡೆಗೆ ತಂತಿ ಬಿಗಿದರು. ಒಂದೂವರೆ ತಿಂಗಳು ಬರೀ ಗಂಜಿ. ಮಾತು ಬಂದ ದಿನ ಕೇಳಿದ:

“ಬಿದ್ದಾಂವಗ ಮತ್ತ ಯಾಕ ಹೊಡದಿ? ಸತ್ತಿದ್ರ?”

“ಸಾಯ್ಲಿ ಅಂತನ ಹೊಡದ್ನಿ.”



ಮುಂದೆ ಹಾವೇರಿಯ ಹತ್ತಿರ ಅಂಥದೇ ಕೆಲಸ ಸಿಕ್ಕಿತು. ನಾನು ಬುತ್ತಿ ಕಟ್ಟಿಕೊಂಡು ಹೊರಟು ನಿಂತೆ. “ನೀ ಬರಬ್ಯಾಡವಾ,” ಎಂದ, ಸಿಟ್ಟಿಲ್ಲದೆ. ಚಾವಿಯ ಹತ್ತಿರ ನಿಲ್ಲಲು ಬೇರೊಬ್ಬಳನ್ನು ಕರೆದುಕೊಂಡು ಹೋದ. ನಾನೀಗ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತೇನೆ.