ಚಂದ್ರಮೌಳಿಯವರ ನೀಲಿ ಮಣಿಗಳು

ಆ ದಿನ ಬೆಳಿಗ್ಗೆ ವಿಶಾಲಾಕ್ಷಿ ಉಪ್ಪಿಟ್ಟು ಮಾಡಲು ಹೋದರೆ, ಅವಳ ಬಾಣಲೆಯಲ್ಲಿ ಆಗಲೇ ಏನೋ ಹುರಿಯುತ್ತಿತ್ತು. ಸಬ್ಬಕ್ಕಿಯಂಥ ಗುಲಾಬಿ ಮಣಿಗಳು.

“ರೀ, ಒಗ್ಗರಣೆ ಹಾಕ್ಬಿಡ್ತಿದ್ನಲ್ರೀ!”

“ಹಾಕು. ಅವತ್ತು ಊಟಕ್ಕೆ ಎದ್ದುಹೋದ ಮಂತ್ರಿಗಳಿಗೆ ಡಬ್ಬಿ ಕಟ್ಟಿ ಕಳಿಸೋಣ,” ಎಂದರು ಗಂಡ ಚಂದ್ರಮೌಳಿ, ಸೌಟಾಡಿಸುತ್ತಾ.

ಜಪಾನಿನ ಯೋಕೋಹಾಮಾದ ಮಳೆಗಾಲದಲ್ಲಿ ಬಟ್ಟೆ, ಹಪ್ಪಳ ಎಲ್ಲಕ್ಕೂ ಬೂಷ್ಟು. ಚಂದ್ರಮೌಳಿಯವರ ಹಳೇ ವಿಡಿಯೋ ಟೇಪುಗಳನ್ನೂ ಬಿಡುವುದಿಲ್ಲ. ಅದಕ್ಕೇ ಟೇಪಿನ ಡಬ್ಬದಲ್ಲಿ ಈ ಮಣಿಗಳು. ಒಣಗಿದ್ದಾಗ ನೀಲಿ, ತೇವ ಕುಡಿದರೆ ಗುಲಾಬಿ, ಹುರಿದರೆ ಮತ್ತೆ ನೀಲಿ.

“ಈ ನೀಲಿ ಕೋಬಾಲ್ಟ್ ಲೋಹದ್ದು ಕಣೇ. ಕಾಂಗೋ ಗಣಿ ಮಣ್ಣೇ ಇರ್ಬೇಕು. ಅಲ್ಲಿಂದ ಬಾಚ್ಕೊಂಡು ಬಂದ್ರು, ನಿನ್ನ ಬಾಣಲೆವರೆಗೂ.”

“ಬಾಣಲೆಗೆ ಸುರಿದೋರು ನೀವು.”

ಅವರು ಮೊದಲು ಮೈಸೂರಿನಲ್ಲಿ ಪತ್ರಿಕೆಯ ವರದಿಗಾರರಾಗಿದ್ದರು. ಆಫ್ರಿಕಾ ದೇಶಗಳ ಸಮ್ಮೇಳನದ ಸುದ್ದಿ ಬರೆಯಲು ಯೋಕೋಹಾಮಾಕ್ಕೆ ಬಂದಾಗ, “ಸ್ವಾತಂತ್ರ್ಯ ಬಂತಲ್ಲ, ಗಣಿ ಬೀಗದ ಕೈ ಯಾರ ಹತ್ತಿರ ಹೋಯಿತು?” ಎಂದು ಕಾಂಗೋದ ಮಂತ್ರಿಯೊಬ್ಬರನ್ನು ಕೇಳಿದರು. ಮಂತ್ರಿ ಊಟಕ್ಕೆ ಎದ್ದರು. ಇವರು ಉತ್ತರ ಹುಡುಕಿಕೊಂಡು ಕಾಂಗೋಕ್ಕೇ ಹೋದರು. ಅಲ್ಲಿಂದಾಚೆ ಇದೇ ಬದುಕು: ಇಲ್ಲಿನ ಸಣ್ಣ ಟೀವಿ ಕಂಪನಿಯಲ್ಲಿ ಕೆಲಸ, ರಜೆ ಸಿಕ್ಕರೆ ಕ್ಯಾಮೆರಾ ಹಿಡಿದು ಆಫ್ರಿಕಾ.

ಗಣಿಯವರ ಬಗ್ಗೆ ತೆಗೆಯುತ್ತಿದ್ದ ಸಿನಿಮಾಕ್ಕೆ ಜೋಡಿಸಿದ್ದನ್ನೆಲ್ಲ ಮೊದಲು ವಿಶಾಲಾಕ್ಷಿಗೆ ತೋರಿಸುತ್ತಿದ್ದರು. ಸದ್ದು ತೆಗೆದು, ಬರೀ ಚಿತ್ರ. ಅವಳು ಓದಿದ್ದು ಏಳನೇ ಕ್ಲಾಸು; ಮಾತಿಲ್ಲದೆ ಅವಳಿಗೆ ತಿಳಿದರೆ ಯಾರಿಗೂ ತಿಳಿಯುತ್ತದೆಂದು ಅವರ ಲೆಕ್ಕ.

“ಈ ಸೂಟಿನವನು ಸಾಕು. ಅದಿರು ತೊಳೆಯೋ ಆ ಅಜ್ಜಿ ಕೈ ತೋರ್ಸಿ.”

ಸೂಟಿನವನು ಹೋದ. ಅಜ್ಜಿ ಉಳಿದಳು. ಕಾಂಗೋದಲ್ಲಿ ಆ ಅಜ್ಜಿಯ ಬೀದಿಯಲ್ಲೇ ಬಿಳಿ ಪಂಚೆ ಕಟ್ಟಿ ಸಿನಿಮಾ ತೋರಿಸುತ್ತೇನೆಂದು ಚಂದ್ರಮೌಳಿ ಮಾತು ಕೊಟ್ಟಿದ್ದರು. ಸಿನಿಮಾ ಮಾತ್ರ ಮುಗಿಯುತ್ತಲೇ ಇರಲಿಲ್ಲ.

ಮಣಿ ಹುರಿದ ಮರುದಿನ ಚಂದ್ರಮೌಳಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತರು. ಏಳಲಿಲ್ಲ.

ಕರ್ಮವೆಲ್ಲ ಮುಗಿದ ಮೇಲೆ ಮಗಳು ಸ್ಫೂರ್ತಿ ಡಬ್ಬ ತೆಗೆದಳು. ಮಣಿಗಳೆಲ್ಲ ಗುಲಾಬಿ. ಅಜ್ಜಿಯ ಟೇಪಿನ ಪಕ್ಕದ ಟೇಪಿಗೆ ಆಗಲೇ ಬಿಳಿ ಬೂಷ್ಟು.

“ಅಮ್ಮಾ, ಎಲ್ಲಾ ಕಂಪ್ಯೂಟರ್‌ಗೆ ಹಾಕ್ಬೇಕು. ನಾನೇ ಫಿನಿಶ್ ಮಾಡ್ತೀನಿ. ಬಟ್ ಅಪ್ಪನ ಆಫೀಸಿನ ಹಳೇ ಮೆಷಿನ್ ಶನಿವಾರ ಮಾತ್ರ ಫ್ರೀ. ತುಂಬಾ ಸ್ಲೋ ಆಗತ್ತೆ.”

“ನಿಧಾನಕ್ಕೇ ಮಾಡು. ಬೂಷ್ಟು ನಾನು ನೋಡ್ಕೋತೀನಿ.”

“ಅಪ್ಪ ಆ ಅಜ್ಜಿಗೆ ಪ್ರಾಮಿಸ್ ಮಾಡಿದ್ರಲ್ಲ…”

“ಪಂಚೆ ಒಗೆದು ಇಟ್ಟಿದೀನಿ.”

ಈಗಲೂ ವಿಶಾಲಾಕ್ಷಿ ದಿನಾ ಬೆಳಿಗ್ಗೆ ಮುಖ ತೊಳೆದು ಡಬ್ಬ ತೆಗೆಯುತ್ತಾಳೆ. ಗುಲಾಬಿಗೆ ತಿರುಗಿದ ಮಣಿಗಳನ್ನು ಸಣ್ಣ ಉರಿಯಲ್ಲಿ ಹುರಿಯುತ್ತಾಳೆ, ನೀಲಿ ಬರುವತನಕ. ಹಳೇ ಬಾಣಲೆಯನ್ನು ಅದಕ್ಕೇ ಬಿಟ್ಟುಕೊಟ್ಟಿದ್ದಾಳೆ. ಉಪ್ಪಿಟ್ಟಿಗೆ ಬೇರೆ ತಂದಿದ್ದಾಳೆ.