ಅವ್ವನ ಲಿವರಿನೊಳಗಿನ ಸಪ್ಪಳ

ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಪ್ರತಿ ವರ್ಷ ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತೇನೆ. ಅದು ನಮ್ಮ ಮನೆಯೊಳಗೇ ನಡೆದಿದೆಯೆಂದು ತಿಳಿದದ್ದು ಅವ್ವ ಕಾಯಿಲೆ ಬಿದ್ದ ಮೇಲೆ.

ನಮ್ಮೂರು ಸುರೇಬಾನದ ಮನೆಯಲ್ಲಿ ಮಾಳಿಗೆ ಹತ್ತಿದರೆ ಸಾಕು, ಅವ್ವನಿಗೆ ಏದುಸಿರು ಬರುತ್ತಿತ್ತು. ಹೃದಯದ ಗುಳಿಗೆಗಳಿಂದ ಗುಣ ಕಾಣಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಲಿವರ್ ದೊಡ್ಡದಾಗಿ ಕಂಡದ್ದರಿಂದ ಬೆಳಗಾವಿಯ ಲಿವರ್ ಡಾಕ್ಟರ ಬಳಿಗೆ ಕರೆದೊಯ್ದೆ. ಆ ಹೆಣ್ಣುಮಗಳು ಅವ್ವನ ಬಲ ಪಕ್ಕೆಲುಬಿನ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅದನ್ನು ನನ್ನ ಕಿವಿಗೇ ಕೊಟ್ಟರು.

“ಕೇಳ್ರಿ. ಲಿವರಿನಾಗ ಇಂಥಾ ಸಪ್ಪಳ ಬರಬಾರದು.”

ಕಾಲುವೆಗೆ ನೀರು ಬಿಟ್ಟಾಗ ತೂಬಿನಲ್ಲಿ ಆಗುವಂಥ ಸದ್ದು, ಎದೆಬಡಿತದ ಜೊತೆ ಜೊತೆಗೇ. ಲಿವರಿನೊಳಗೆ ಕೂದಲೆಳೆಯಂಥ ನಾಳಗಳ ಮೂಲಕ ನಿಧಾನ ಹಾಯಬೇಕಾದ ರಕ್ತ ಅಡ್ಡದಾರಿ ಹಿಡಿದು ನುಗ್ಗುತ್ತಿದೆ, ಅದನ್ನು ತಳ್ಳಿ ತಳ್ಳಿ ಹೃದಯ ದಣಿದಿದೆ ಎಂದು ಅವರು ವಿವರಿಸಿದರು. ಅವ್ವನ ತುಟಿಯ ಮೇಲಿದ್ದ ಎಳ್ಳಿನಷ್ಟು ಕೆಂಪು ಚುಕ್ಕೆಗಳನ್ನು ನೋಡಿ, ಮೂಗಿನಿಂದ ರಕ್ತ ಬರುತ್ತದೆಯೇ ಎಂದು ಕೇಳಿದರು.

“ಅದು ಉಷ್ಣಕ್ಕ ರೀ,” ಎಂದಳು ಅವ್ವ. “ನಮ್ಮ ತವರಮನ್ಯಾಗ ಭಾಳ ಮಂದಿಗೆ ಬರತೈತಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಇದು ವಂಶದಲ್ಲಿ ಹರಿದು ಬರುವ ಅಪರೂಪದ ರೋಗವಿರಬಹುದು, ಯಾರ್ಯಾರಿಗೆ ಇದೆ ನೋಡಿಕೊಂಡು ಬನ್ನಿ ಎಂದರು.

ಹೆದರಬೇಕಿತ್ತು. ಆದರೆ ವಾಪಸು ಬಸ್ಸಿನಲ್ಲಿ ಕುತೂಹಲಕ್ಕೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬಂದ ರವಿವಾರವೇ ಎಂ.ಕೆ. ಹುಬ್ಬಳ್ಳಿಗೆ ಹೋದೆ. ಅವ್ವನ ಅಣ್ಣ, ನನ್ನ ಸೋದರಮಾವ, ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ನಿಂತಿದ್ದ. ತುಟಿ ತೋರಿಸು ಎಂದೆ.

“ಯಾಕವಾ, ಕನ್ಯಾ ನೋಡಾಕ ಬಂದವರಂಗ ನೋಡಾಕ ಹತ್ತೀದಿ?” ಎಂದು ನಕ್ಕ. ಕೆಳತುಟಿಯಲ್ಲೂ ಬೆರಳ ತುದಿಯಲ್ಲೂ ಅವೇ ಚುಕ್ಕೆಗಳು! ನಾನು ಬಿಸಿಲಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಸಂಗೊಳ್ಳಿಯಲ್ಲಿರುವ ಅವ್ವನ ತಂಗಿ, ನನ್ನ ಚಿಕ್ಕವ್ವನಿಗೆ ಒಂದೂ ಇರಲಿಲ್ಲ. ಕೆಲವರಿಗೆ ಬಂದು ಕೆಲವರಿಗೆ ಬಾರದಿರುವುದು ನನ್ನ ಪಾಠಕ್ಕೆ ಸರಿಯಾಗಿಯೇ ಇತ್ತು. ಆದರೆ ಸವದತ್ತಿಗೆ ಕೊಟ್ಟ ನನ್ನ ತಂಗಿಯ ನಾಲಿಗೆಯ ಮೇಲೂ ಒಂದು ಚುಕ್ಕೆ ಕಂಡಾಗ ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ. ಚಿಕ್ಕಂದಿನಿಂದ ಅವಳಿಗೂ ಮೂಗಿನಿಂದ ರಕ್ತ ಸೋರುತ್ತಿತ್ತು; ನಾವೇ ಉಷ್ಣವೆಂದು ತಲೆಗೆ ತಣ್ಣೀರು ತಟ್ಟುತ್ತಿದ್ದೆವು.

ಡಾಕ್ಟರು ಎಲ್ಲರ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದರು. ವರದಿ ಬಂದ ದಿನ ಅವರ ಮುಖದಲ್ಲೂ ಉತ್ಸಾಹ ಕಾಣುತ್ತಿತ್ತು. ಒಂದೇ ಜೀನ್‌ನಲ್ಲಿ, ಒಂದೇ ಜಾಗದಲ್ಲಿ ಒಂದಕ್ಷರದಷ್ಟು ವ್ಯತ್ಯಾಸ. ಅವ್ವ, ಮಾವ, ತಂಗಿ ಮೂವರಲ್ಲೂ ಅದಿತ್ತು. ಚಿಕ್ಕವ್ವನಲ್ಲೂ ನನ್ನಲ್ಲೂ ಇರಲಿಲ್ಲ.

ತಂಗಿ ಆಗ ಮಗುವಿಗಾಗಿ ಹಂಬಲಿಸುತ್ತಿದ್ದಳು. ಇಂಥ ಅಡ್ಡದಾರಿಯ ನಾಳ ಶ್ವಾಸಕೋಶದಲ್ಲೂ ಇರಬಹುದು, ಬಸುರಿಯಾದಾಗ ಒಡೆಯಬಹುದು ಎಂದು ಡಾಕ್ಟರು ಮೊದಲು ಸ್ಕ್ಯಾನ್ ಮಾಡಿಸಿದರು. ಒಂದು ಸಿಕ್ಕಿತು. ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಅದನ್ನು ಮುಚ್ಚಿದರು.

“ಮುಂದ ನನ್ನ ಕೂಸಿಗೂ ಬರತೈತೇನ್ರಿ?” ಎಂದು ತಂಗಿ ಕೇಳಿದಳು.

“ಬರಬಹುದು, ಬಿಡಬಹುದು. ಬಂದ್ರೂ ಏನಂತ ನಮಗ ಗೊತ್ತೈತಲ್ಲ, ನೋಡಿಕೋತ ಹೋಗೂಣು,” ಎಂದರು ಡಾಕ್ಟರು. ತಂಗಿ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು.

ಅವ್ವನಿಗೆ ಆ ಅಡ್ಡ ನಾಳಗಳ ಬೆಳವಣಿಗೆ ತಡೆಯುವ ಇಂಜೆಕ್ಷನ್ ಶುರುವಾದ ಮೇಲೆ ಉಸಿರು ಹಗುರಾಗಿದೆ. ಸಂಡಿಗೆ ಒಣಗಿಸಲು ತಾನೇ ಮಾಳಿಗೆ ಹತ್ತುತ್ತಾಳೆ. ಮಾವನಂತೂ ತನ್ನ ಮಕ್ಕಳನ್ನು ತಾನೇ ಬೆಳಗಾವಿಗೆ ಕರೆದೊಯ್ದ. ಈಗ ಊರೂರಿನ ಬಳಗಕ್ಕೆಲ್ಲ ಫೋನು ಮಾಡಿ, ಮೂಗಿನಿಂದ ರಕ್ತ ಬಂದರೆ ಸುಮ್ಮನೆ ಕೂರಬೇಡಿ ಎಂದು ಹೇಳುತ್ತಿದ್ದಾನೆ. ಕಳೆದ ವಾರ ರಾಮದುರ್ಗದಿಂದ ನಾನು ಹೆಸರೂ ಕೇಳಿರದ ಬಳಗದ ಅಕ್ಕನೊಬ್ಬಳು ಫೋನು ಮಾಡಿ, ಡಾಕ್ಟರ ವಿಳಾಸ ಕೇಳಿದಳು.